ನೀಲಿ ದಾರದ ದೂರು

ಆ ಮನೆಯಲ್ಲಿ ಅವಳು ಮಾಡಿದ ಯಾವುದನ್ನೂ ಚೆನ್ನಾಗಿಲ್ಲ ಎಂದವರಿಲ್ಲ. ಅವಳ ಕಷ್ಟ ಶುರುವಾಗುವುದೇ ಅಲ್ಲಿಂದ.

ಅಪ್ಪನ ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಟ್ಟಾಗ ಎಡಗಾಲು ಬಲಗಾಲಿಗಿಂತ ಒಂದು ಬೆರಳು ಮೇಲೆ ನಿಂತಿತ್ತು. ಅಪ್ಪ ಅದನ್ನೇ ಹಾಕಿಕೊಂಡು ಕಚೇರಿಗೆ ಹೋಗಿ ಬರುತ್ತಿದ್ದರು. ಅಣ್ಣನಿಗೆ ಹೆಣೆದ ಉಲ್ಲನ್ ಟೋಪಿ ಒಂದೇ ಕಿವಿಯನ್ನು ಮುಚ್ಚುತ್ತಿತ್ತು. ಅಣ್ಣ ಚಳಿಯಲ್ಲಿ ಆ ಕಿವಿಯನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿಕೊಂಡು ನಿಲ್ಲುತ್ತಿದ್ದ. ಅಮ್ಮನ ಅಡುಗೆಮನೆಯಲ್ಲಿ ಮಿಕ್ಸಿಗೆ, ನೀರಿನ ಫಿಲ್ಟರಿಗೆ, ಗ್ಯಾಸ್ ಸಿಲಿಂಡರಿಗೆ ಒಂದೊಂದು ನೆರಿಗೆಯ ಹೊದಿಕೆ ಇತ್ತು. ಸಿಲಿಂಡರು ಮದುವೆಗೆ ಹೊರಟು ನಿಂತ ಹಾಗೆ ಕಾಣುತ್ತಿತ್ತು. ಅಜ್ಜಿಗೆ ಹೊಲಿದುಕೊಟ್ಟ ದಿಂಬಿನಲ್ಲಿ ಹತ್ತಿಯೆಲ್ಲ ಒಂದು ಮೂಲೆಗೆ ಹೋಗಿ ಕೂರುತ್ತಿತ್ತು. ಅಜ್ಜಿ ಅದೇ ಮೂಲೆಗೆ ತಲೆಯಿಟ್ಟು ಮಲಗಿ, ಬೆಳಿಗ್ಗೆ ಕತ್ತನ್ನು ಓರೆಯಾಗಿಟ್ಟುಕೊಂಡೇ, "ಎಂಥ ನಿದ್ದೆ ಬಂತೇ ಪುಟ್ಟಿ!" ಎನ್ನುತ್ತಿದ್ದರು. ಮೊನ್ನೆ ಅಪ್ಪನ ಬಿಳಿ ಅಂಗಿಗೆ ಗುಂಡಿ ಹಾಕುವಾಗ ಬಿಳಿ ದಾರ ಮುಗಿದು ನವಿಲು ನೀಲಿ ದಾರದಲ್ಲಿ ಹಾಕಿದ್ದಳು. "ಒಳ್ಳೇದೇ ಆಯ್ತು, ಗುಂಡಿ ಎಲ್ಲಿದೆ ಅಂತ ಹುಡುಕೋ ಕೆಲಸ ಇಲ್ಲ," ಎಂದರು ಅಪ್ಪ.

ಇದಕ್ಕೊಂದು ಹಿನ್ನೆಲೆ ಇತ್ತು. ಅವಳು ಚಿಕ್ಕವಳಿದ್ದಾಗ ಕಾಗದದಲ್ಲಿ ಗುಲಾಬಿ ಮಾಡಿ ಅಜ್ಜಿಯ ಕೈಗೆ ಕೊಟ್ಟಿದ್ದಳು. ಅಜ್ಜಿ ಕನ್ನಡಕ ಇಲ್ಲದೆ ನೋಡಿ, "ಕೋಸಾ?" ಎಂದುಬಿಟ್ಟರು. ಮರುದಿನ ಹುಡುಗಿಗೆ ಜ್ವರ ಬಂತು. ಗಂಟಲು ಬಾತಿದೆ ಎಂದು ಡಾಕ್ಟರು ಹೇಳಿದರು. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಮನೆಯವರ ಲೆಕ್ಕದಲ್ಲಿ ಕಾರಣ ಕೋಸೇ. ಅಂದಿನಿಂದ ಅವಳ ಕೈಕೆಲಸದ ಬಗ್ಗೆ ಮನೆಯಲ್ಲಿ ಒಂದೇ ಅಭಿಪ್ರಾಯ.

ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಅಜ್ಜಿಯ ಕತ್ತನ್ನು ಬಿಟ್ಟರೆ. ಈಗ ಆಗಿತ್ತು. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯ ಮಾಲೀಕರು ಶನಿವಾರ ಬಾಗಿಲು ಎಳೆಯುವ ಹೊತ್ತಿಗೆ ಅವಳನ್ನು ಕರೆದು, "ನಮ್ಮಮ್ಮನಿಗೆ ಎಂಬತ್ತು ತುಂಬತ್ತೆ. ಅಂಗಡಿ ಕೇಕಿನ ಕ್ರೀಮು ಅವರಿಗೆ ಆಗಲ್ಲ. ನೀನು ಮನೇಲಿ ಮಾಡ್ತೀಯಂತಲ್ಲ, ಮಾಡಿಕೊಡು. ನಲವತ್ತು ಜನ ಬರ್ತಾರೆ," ಎಂದಿದ್ದರು. ಅವಳ ಮುಖ ನೋಡಿ, "ಸೋಮವಾರ ಹೇಳು ಪರವಾಗಿಲ್ಲ. ಆಗಲ್ಲ ಅಂದ್ರೂ ಬೇಜಾರಿಲ್ಲ. ಆದ್ರೆ ಆಗತ್ತೆ ಅಂದು ಕೈ ಕೊಡಬೇಡ," ಎಂದೂ ಸೇರಿಸಿದ್ದರು.

ಅವಳಿಗೆ ಮಾಡಬೇಕು ಅಂತ ಬಹಳ ಆಸೆ. ಆದರೆ ತನ್ನ ಕೇಕು ತಿನ್ನುವ ಹಾಗಿದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ತಾನು ತಿಂದರೆ ಕೆಟ್ಟದಾಗಿದೆ ಅನ್ನಿಸುತ್ತಿತ್ತು. ಆದರೆ ಅವಳಿಗೆ ತಾನು ಮಾಡಿದ್ದೆಲ್ಲ ಹಾಗೇ ಅನ್ನಿಸುತ್ತಿತ್ತು, ಕುದಿಸಿದ ನೀರು ಕೂಡ. ಮನೆಯವರನ್ನು ಕೇಳಿದರೆ ಅಮ್ಮ ತುಂಡು ಬಾಯಿಗೆ ಹೋಗುವ ಮೊದಲೇ "ಚೆನ್ನಾಗಿದೆ" ಎನ್ನುವವರು. ನಲವತ್ತು ಜನರ ಎದುರು ಎಂಬತ್ತರ ಮುದುಕಿಗೆ ಹಲ್ಲು ಅಲುಗಾಡಿಸುವಂಥದ್ದನ್ನು ಕೊಟ್ಟರೆ ಏನು ಗತಿ?

ಉಪಾಯ ಹೊಳೆದದ್ದು ಅಂಗಡಿಯ ಕೆಲಸದಿಂದಲೇ. ಗಿರಾಕಿಗಳ ಕಣ್ಣಿನ ಮುಂದೆ ಒಂದು ಗಾಜು ಇಡುತ್ತಾರೆ, ತೆಗೆದು ಇನ್ನೊಂದು ಇಡುತ್ತಾರೆ. "ಮೊದಲನೇದು ಚೆನ್ನಾಗಿ ಕಾಣತ್ತಾ, ಎರಡನೇದಾ?" ಯಾವ ಗಾಜು ಯಾವುದು ಎಂದು ಗೊತ್ತಿಲ್ಲದ ಕಾರಣ ಜನ ನಿಜ ಹೇಳುತ್ತಾರೆ.

ಭಾನುವಾರ ಬೆಳಿಗ್ಗೆ ಅವಳು ಹೊಲಿಗೆ ಮೆಷಿನ್ನನ್ನು ಪಕ್ಕಕ್ಕೆ ಸರಿಸಿ ಅದೇ ಮೇಜಿನ ಮೇಲೆ ಹಿಟ್ಟು ಕಲಸಿ ಕೇಕು ಬೇಯಿಸಿದಳು. ರಸ್ತೆ ತಿರುವಿನ ಬೇಕರಿಗೆ ಹೋಗಿ ಕ್ರೀಮಿಲ್ಲದ ಸಾದಾ ಕೇಕೊಂದನ್ನು ತಂದಳು. ಎರಡನ್ನೂ ತುಂಡು ಮಾಡಿ, ಬೇಕರಿಯದನ್ನು ಮನೆಯ ಸ್ಟೀಲ್ ತಟ್ಟೆಗೆ, ತನ್ನದನ್ನು ಬೇಕರಿಯ ಡಬ್ಬಕ್ಕೆ ಹಾಕಿದಳು. ಮೋಸ ಎಂದು ಮನಸ್ಸು ಚುಚ್ಚಿತು. ತಾನಾಗಿ ಸುಳ್ಳು ಹೇಳುವುದಿಲ್ಲ, ಡಬ್ಬ ಏನು ಹೇಳುತ್ತದೋ ಅದು ಡಬ್ಬಕ್ಕೆ ಸೇರಿದ್ದು ಎಂದು ಸಮಾಧಾನ ಮಾಡಿಕೊಂಡಳು. ಸಮಾಧಾನ ಆಗಲಿಲ್ಲ.

"ಬೇಕರಿದು ಯಾಕೆ ತಂದೆ? ನಿನ್ನ ಕೈಗುಣ ಇರೋವಾಗ," ಎಂದರು ಅಪ್ಪ.

"ಹೋಲಿಸಿ ನೋಡೋಣ ಅಂತ," ಎಂದಳು. ಇದು ನಿಜವಾಗಿತ್ತು.

ಮೊದಲು ತಟ್ಟೆ ಸುತ್ತು ಬಂತು. ಅಮ್ಮ "ಚೆನ್ನಾಗಿದೆ" ಎಂದು ಆಮೇಲೆ ತುಂಡು ತೆಗೆದುಕೊಂಡರು. ಅಜ್ಜಿ "ಅಮೃತ" ಎಂದರು. ಅಣ್ಣ ಹೆಬ್ಬೆರಳು ಎತ್ತಿದ. ಕಳೆದ ವಾರ ಸೀದು ಕರಕಲಾದ ಬಿಸ್ಕತ್ತಿಗೂ ಅಕ್ಷರಶಃ ಇದೇ ಸಿಕ್ಕಿತ್ತು.

ಆಮೇಲೆ ಡಬ್ಬ ತೆರೆಯಿತು.

"ಇದೇನಿದು," ಎಂದರು ಅಜ್ಜಿ, ಅಗಿಯುವುದನ್ನು ನಿಲ್ಲಿಸಿ. "ತಿನ್ನೋದಾ, ಗೋಡೆ ತೂತಿಗೆ ತುಂಬೋದಾ?"

"ನಡುವೆ ನೋಡಜ್ಜಿ, ಹಳ್ಳ," ಎಂದ ಅಣ್ಣ. "ಮೇಲೆ ಒಂದು ಬೋರ್ಡ್ ಹಾಕಬೇಕು, ನಿಧಾನವಾಗಿ ಚಲಿಸಿ ಅಂತ."

"ಮೊಟ್ಟೆ ವಾಸನೆ," ಎಂದರು ಅಮ್ಮ. "ಎರಡು ಹನಿ ವೆನಿಲಾ ಹಾಕೋಕೆ ಕೈ ಬಂದಿಲ್ಲ ಆ ಪುಣ್ಯಾತ್ಮನಿಗೆ. ಅಂಚಂತೂ ರೊಟ್ಟಿ."

ಹದಿನೇಳು ವರ್ಷ ಬಾಯಿ ಕಟ್ಟಿದ್ದ ಮನೆ. ಕಟ್ಟೆ ಒಡೆದ ಹಾಗೆ ಮಾತು ಬಂತು. ಅವಳು ಕೈ ಕಟ್ಟಿಕೊಂಡು ಒಂದೊಂದನ್ನೂ ಕೇಳಿಸಿಕೊಂಡಳು. ಜ್ವರ ಬಂದ ಹಾಗಿರಲಿಲ್ಲ. ಅಜ್ಜಿ ಎರಡನೇ ತುಂಡಿಗೆ ಕೈ ಹಾಕಿದ್ದನ್ನೂ ಅವಳು ಗಮನಿಸಿದಳು.

"ಮತ್ತೆ ಯಾಕೆ ತಿಂತಿದ್ದೀರಿ ಅತ್ತೆ?" ಎಂದರು ಅಮ್ಮ.

"ಬೈಯೋಕೂ ಹೊಟ್ಟೇಲಿ ಏನಾದ್ರೂ ಇರಬೇಕಲ್ಲ."

ಅಷ್ಟರಲ್ಲಿ ಅಪ್ಪ ಬಾಯಿಂದ ಏನನ್ನೋ ಎಳೆದರು. ಎಳೆದಷ್ಟೂ ಬಂತು. ಗೇಣುದ್ದದ ನೀಲಿ ದಾರ.

ಅಪ್ಪ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂರುವವರು. ನಲ್ಲಿಯಲ್ಲಿ ನೀರು ಬರಲಿಲ್ಲ, ಬಂದದ್ದು ಕೆಂಪಗಿದೆ, ಅದರಲ್ಲಿ ಎರೆಹುಳ ಇದೆ ಎಂದು ಜನ ಹೇಳಿದ್ದನ್ನೆಲ್ಲ ಕೇಳುತ್ತ ಕೂದಲು ಹಣ್ಣು ಮಾಡಿಕೊಂಡವರು. ಒಂದೇ ಒಂದು ದೂರನ್ನು ತಾವಾಗಿ ಕೊಡುವ ಭಾಗ್ಯ ಅವರಿಗೆ ಒದಗಿರಲಿಲ್ಲ. ದಾರವನ್ನು ಬೆಳಕಿಗೆ ಹಿಡಿದು ನೋಡಿದ ಅವರ ಮುಖದ ಮೇಲೆ ನೆಮ್ಮದಿಯಂಥದ್ದು ಮೂಡಿತು.

"ಸಾಕ್ಷಿ ಸಮೇತ ಇದೆ," ಎಂದು ಎದ್ದು, ಬಿಳಿ ಅಂಗಿ ತೊಟ್ಟು, ಡಬ್ಬ ಎತ್ತಿಕೊಂಡು ಹೊರಟರು.

ನಿಜ ಹೇಳಲು ಅವಳು ಬಾಯಿ ತೆರೆದಳು. ಹೇಳಿದರೆ ಮರುಗಳಿಗೆಯೇ ಎಲ್ಲರೂ ಮಾತು ನುಂಗಿ "ಅಮೃತ" ಎನ್ನುತ್ತಾರೆ. ಹೇಳದಿದ್ದರೆ ಏನೂ ಮಾಡದ ಬೇಕರಿಯವರು ಬೈಸಿಕೊಳ್ಳುತ್ತಾರೆ. ಅವಳು ಇದನ್ನು ತೂಗಿ ನೋಡಿ ಮುಗಿಸುವಷ್ಟರಲ್ಲಿ ಅಪ್ಪ ಬೀದಿಯ ತುದಿ ಮುಟ್ಟಿದ್ದರು. ಸಿಕ್ಕಿದ ಚಪ್ಪಲಿಗೆ ಕಾಲು ತೂರಿಸಿ ಓಡಿದಳು. ಒಂದು ಅಮ್ಮನದು, ಒಂದು ಅಣ್ಣನದು.

ಬೇಕರಿಯಲ್ಲಿ ಜನ ಇದ್ದರು. ಅಪ್ಪ ಸರದಿಯಲ್ಲಿ ನಿಂತೇ ಮುಂದೆ ಹೋದರು. ಸರದಿ ಮುರಿದು ಬಂದವರ ದೂರನ್ನು ತಾವೂ ಯಾವತ್ತೂ ತೆಗೆದುಕೊಂಡವರಲ್ಲ. ಡಬ್ಬವನ್ನು ಗಾಜಿನ ಕಪಾಟಿನ ಮೇಲಿಟ್ಟು, ದಾರವನ್ನು ಅದರ ಪಕ್ಕ ನೀಟಾಗಿ ಮಲಗಿಸಿದರು.

"ಮೂರು ವಿಷಯ," ಎಂದರು. "ಒಂದು, ನಡು ಕುಸಿದಿದೆ. ಎರಡು, ಅಂಚು ಒಣಗಿದೆ, ಮೊಟ್ಟೆ ವಾಸನೆ ಇದೆ. ಮೂರು, ಇದು."

ಬೇಕರಿಯವರು ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ. ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟು ಕೇಕನ್ನು ನೋಡಿದರು, ದಾರವನ್ನು ನೋಡಿದರು.

"ಇದು ನಮ್ಮದಲ್ಲ ಸಾರ್."

"ಡಬ್ಬ ನಿಮ್ಮದು."

"ಡಬ್ಬ ನಮ್ಮದೇ. ಆದ್ರೆ ನಮ್ಮಲ್ಲಿ ಹೊಲಿಗೆ ಕೆಲಸ ಇಲ್ಲ ಸಾರ್." ಅವರ ಕಣ್ಣು ದಾರದಿಂದ ಮೇಲೇರಿ ಅಪ್ಪನ ಅಂಗಿಯ ಮೇಲೆ ನಿಂತಿತು. ಮೇಲಿನ ಗುಂಡಿಯಿಂದ ಕೆಳಗಿನ ಗುಂಡಿಯವರೆಗೆ ನಿಧಾನವಾಗಿ ಇಳಿಯಿತು. ಸರದಿಯಲ್ಲಿದ್ದವರ ಕಣ್ಣೂ ಇಳಿಯಿತು. ಕೊನೆಗೆ ಅಪ್ಪನೂ ತಲೆ ಬಗ್ಗಿಸಿ ತಮ್ಮ ಎದೆಯನ್ನು ತಾವೇ ನೋಡಿಕೊಂಡರು. ಬಿಳಿ ಅಂಗಿ, ಬಿಳಿ ಗುಂಡಿ, ನವಿಲು ನೀಲಿ ದಾರ.

"ಅಪ್ಪ," ಎಂದಳು ಅವಳು ಹಿಂದಿನಿಂದ, ಏದುಸಿರು ಬಿಡುತ್ತ. "ಅದು ನಾನು ಮಾಡಿದ್ದು. ತಟ್ಟೇಲಿದ್ದದ್ದು ಇವರದು."

ತಪ್ಪು ದೂರು ತಂದು ಮುಖ ಸಣ್ಣಗೆ ಮಾಡಿಕೊಂಡು ನಿಂತವರಿಗೆ ಅಪ್ಪ ಕಚೇರಿಯಲ್ಲಿ ಒಂದು ಲೋಟ ನೀರು ಕೊಡುತ್ತಿದ್ದರು. ಬೇಕರಿಯವರಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಆದರೂ ಅವರು ಒಂದು ಲೋಟ ನೀರನ್ನು ಅಪ್ಪನ ಮುಂದೆ ಸರಿಸಿದರು. ಅಪ್ಪ ಕುಡಿದರು.

"ಹಾಗೆ ನೋಡಿದ್ರೆ," ಎಂದು ಲೋಟ ಕೆಳಗಿಟ್ಟರು, "ಕೇಕು ಅಷ್ಟೇನೂ..."

"ಬೇಡಪ್ಪ. ದೂರು ವಾಪಸ್ ತಗೋಬೇಡಿ."

"ಇವರ ಮೇಲಿನದು ತಗೊಳ್ಳಲೇಬೇಕಲ್ಲಮ್ಮ."

"ಅದನ್ನ ತಗೊಳ್ಳಿ. ಕೇಕಿನ ಮೇಲಿಂದು ಇರಲಿ. ನನಗೆ ಅದು ಬೇಕು. ನಾಳೆ ಅಂಗಡಿ ಮೇಡಮ್ಮಿಗೆ ಕೇಕಿನ ವಿಷಯಕ್ಕೆ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ನನಗೆ ಗೊತ್ತಾಗಬೇಕು. ಮನೇಲಿ ನೀವ್ಯಾರೂ ಹೇಳಲ್ಲ."

ಅಪ್ಪ ಅವಳ ಹಣೆಯ ಮೇಲೆ ಕೈಯಿಟ್ಟು ನೋಡಿದರು. ತಣ್ಣಗಿತ್ತು. ಕೈ ತೆಗೆದರು. "ಸರಿ," ಎಂದರು. "ಇರಲಿ."

ಈ ನಡುವೆ ಬೇಕರಿಯವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಿದ್ದರು. "ಬೆಣ್ಣೆಗೆ ಜಿಪುಣತನ ಮಾಡಿಲ್ಲ," ಎಂದರು. "ಬೇಯೋವಾಗ ಓವನ್ ಬಾಗಿಲು ತೆಗೆದು ತೆಗೆದು ನೋಡ್ತೀಯೇನಮ್ಮ?"

"ಆಗಾಗ."

"ಆಗಾಗ ಅಂದ್ರೆ?"

"ಬೆಂದಿದೆಯೋ ಅಂತ ಒಂದ್ಸಲ. ಆಮೇಲೆ ಬಾಗಿಲು ಸರಿಯಾಗಿ ಹಾಕಿದ್ನೋ ಅಂತ ತೆಗೆದು ನೋಡ್ತೀನಿ."

"ಹೂಂ. ಕಾವು ಹೋಗತ್ತೆ, ನಡು ಕೂತುಬಿಡತ್ತೆ. ನಡು ಬೇಯಲಿ ಅಂತ ಇನ್ನೂ ಹೊತ್ತು ಬಿಡ್ತೀಯ, ಅಂಚು ಒಣಗತ್ತೆ. ಮುಚ್ಚಿದ್ಮೇಲೆ ಸುಮ್ಮನಿರು." ಅವರು ಹಿಂದಿನವರ ಕಡೆಗೆ ತಿರುಗಿ, "ನಿಮಗೇನು ಕೊಡ್ಲಿ?" ಎಂದರು.

ಇಬ್ಬರೂ ಮನೆಯ ದಾರಿ ಹಿಡಿದರು. ಅಪ್ಪನ ಎಡಗಾಲಿನ ಗಂಟು ಪ್ಯಾಂಟಿನ ಕೆಳಗೆ ಹಣಕಿ ಹಣಕಿ ಹೋಗುತ್ತಿತ್ತು.

"ಪ್ಯಾಂಟು?" ಎಂದಳು.

"ಎಡಗಾಲು ಮೇಲಿದೆ."

"ಗೊತ್ತಿತ್ತಾ ನಿಮಗೆ?"

"ನನ್ನ ಕಾಲು ನನಗೆ ಗೊತ್ತಿರಲ್ವೇನೇ? ಸೊಳ್ಳೆಗೂ ಗೊತ್ತು, ಅದೇ ಕಾಲಿಗೆ ಕಚ್ಚತ್ತೆ."

ಮನೆಯವರಿಗೆಲ್ಲ ನಿಜ ತಿಳಿದ ಮೇಲೆ, ಮಧ್ಯಾಹ್ನ, ವೆನಿಲಾ ಹಾಕಿದ ಇನ್ನೊಂದು ಕೇಕು ಓವನ್ನಿನೊಳಗೆ ಹೋಯಿತು. ಈ ಸಲ ಹಿಟ್ಟು ಕಲಸುವ ಮೊದಲು ಮೇಜನ್ನು ಒದ್ದೆ ಬಟ್ಟೆಯಲ್ಲಿ ಎರಡೆರಡು ಬಾರಿ ಒರೆಸಿ, ದಾರದ ಡಬ್ಬಿಯನ್ನು ಬೇರೆ ಕೋಣೆಗೆ ಸಾಗಿಸಿದ್ದಳು. ಅಜ್ಜಿ ಓವನ್ನಿನ ಮುಂದೆ ಕುರ್ಚಿ ಹಾಕಿಸಿಕೊಂಡು, ಊರುಗೋಲನ್ನು ಅದರ ಬಾಗಿಲಿಗೆ ಅಡ್ಡ ಇಟ್ಟು ಕಾವಲು ಕೂತರು. ಅವಳು ಕೈಗೆ ಕೆಲಸ ಬೇಕೆಂದು ಅಪ್ಪನ ಪ್ಯಾಂಟಿನ ಹೊಲಿಗೆ ಬಿಚ್ಚತೊಡಗಿದಳು.

"ಒಂದ್ಸಲ ನೋಡ್ಲಾ ಅಜ್ಜಿ?"

"ಕೈ ಮುರೀತೀನಿ."

ಆಮೇಲೆ ಅಜ್ಜಿಯೇ ಕೇಳಿದರು, "ನಿನಗೆ ಜ್ವರ ಗಿರ ಇಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಆ ದಿಂಬಿನ ವಿಷಯ ಒಂದಿಷ್ಟು ಮಾತಾಡೋದಿದೆ."

ದಿಂಬಿನಿಂದ ಟೋಪಿಗೆ, ಟೋಪಿಯಿಂದ ಸಿಲಿಂಡರಿಗೆ ಮಾತು ಹರಿಯಿತು. ಸಿಲಿಂಡರಿನ ಹೊದಿಕೆ ಮಾತ್ರ ತನಗೆ ನಿಜವಾಗಿಯೂ ಇಷ್ಟ ಎಂದರು ಅಮ್ಮ. ಯಾರೂ ನಂಬಲಿಲ್ಲ. ಅಮ್ಮ ಎದ್ದು ಹೋಗಿ ಅದರ ನೆರಿಗೆ ಸರಿಮಾಡಿ ಬಂದರು.

ಓವನ್ ತೆರೆದಾಗ ಕೇಕಿನ ನಡು ಕುಸಿದಿರಲಿಲ್ಲ. ಎಲ್ಲರೂ ಒಂದೊಂದು ತುಂಡು ಬಾಯಿಗಿಟ್ಟು, ನಿಜ ಹೇಳಿ ಅಭ್ಯಾಸ ಇಲ್ಲದ ಕಾರಣ, ಬಹಳ ಹೊತ್ತು ಅಗಿದರು.

"ವಾಸನೆ ಹೋಗಿದೆ," ಎಂದರು ಅಮ್ಮ.

"ಬೋರ್ಡ್ ಬೇಕಿಲ್ಲ," ಎಂದ ಅಣ್ಣ.

"ಅಂಚು ಇನ್ನೂ ಒಂಚೂರು ಒಣ," ಎಂದರು ಅಪ್ಪ. ಅವಳ ಮುಖ ನೋಡಿ ಮಾತು ತಿರುಗಿಸಲು ಹೊರಟವರು, ತಿರುಗಿಸಲಿಲ್ಲ. "ಒಣ," ಎಂದರು ಮತ್ತೆ.

ಅಜ್ಜಿ ಇನ್ನೊಂದು ತುಂಡಿಗೆ ತಟ್ಟೆ ಮುಂದೆ ಚಾಚಿದರು.

ಸೋಮವಾರ ಅವಳು ಕನ್ನಡಕದ ಅಂಗಡಿಯ ಬಾಗಿಲು ತೆಗೆದು, ಗಾಜು ಒರೆಸಿ, ಮಾಲೀಕರು ಬಂದು ಕೂರುವುದನ್ನೇ ಕಾದಳು.

"ಏನಮ್ಮ, ಏನು ಯೋಚನೆ ಮಾಡ್ದೆ?"

"ಮಾಡ್ತೀನಿ ಮೇಡಂ," ಎಂದಳು. ಅಲ್ಲಿಗೇ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. "ಅಂಚು ಒಂಚೂರು ಒಣ ಇರತ್ತೆ."

ಮಾಲೀಕರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಯಾರು ಹೇಳಿದ್ದು?"

"ಮನೇಲಿ," ಎಂದಳು ಅವಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು.