ಒಂದೇ ಮೊತ್ತಕ್ಕೆ ಒಪ್ಪಿದ ಕೆಲಸ

ಬಾಲ ಸಿಕ್ಕಿತು. ನನ್ನ ಗಂಡ ಮೊಣಕಾಲೂರಿ, ಕೆಳಗಿನ ಕಪಾಟಿನೊಳಗೆ ಭುಜದವರೆಗೆ ತೂರಿಕೊಂಡು, ಅದನ್ನು ಎರಡೂ ಕೈಯಲ್ಲಿ ಎಳೆದ. ಬಾಲದ ಹಿಂದೆಯೇ ಇಡೀ ಸಿಂಹ ದೊಪ್ಪೆಂದು ಅವನ ಮೈಮೇಲೆ ಬಿತ್ತು. ಅವನು ಹುಡುಕುತ್ತಿದ್ದದ್ದು ಕೆಂಪು ಕೋಟು.

“ನಾಲ್ಕು ನಿಮಿಷ,” ಎಂದ ಅಂಗಡಿಯ ಮಾಲೀಕ, ಕೈಗಡಿಯಾರದಿಂದ ಕಣ್ಣೆತ್ತದೆ.

“ಚೀಟಿ ಪ್ರಕಾರ ಮೂರನೇ ಸಾಲು, ಹನ್ನೊಂದನೇ ಕೊಕ್ಕೆ,” ಗಂಡ ಸಿಂಹದಡಿಯಿಂದ ಗೊಣಗಿದ. “ಅಲ್ಲಿ ಬರೀ ಕೊಕ್ಕೆ ಇದೆ.”

“ಏನಪ್ಪಾ ಡ್ರೈವರ್ರೇ, ದಾರಿ ತಪ್ತಾ?” ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದ ಅತ್ತೆ ಕೇಳಿದರು.

“ಬೋರ್ಡ್ ನೋಡ್ಕೊಂಡು ಬಸ್ ಓಡಿಸೋನು ನಾನು. ಬೋರ್ಡೇ ಸುಳ್ಳು ಹೇಳಿದ್ರೆ ಏನ್ಮಾಡ್ಲಿ ಅತ್ತೆ?”

“ಕುಣೀಲಾರದವ್ನಿಗೆ ನೆಲ ಡೊಂಕು.”

“ಐದು,” ಎಂದ ಮಾಲೀಕ. ಏಳನೇ ಅಪರಿಚಿತನೂ ಸೋತ.

ಅತ್ತೆ ನನಗೆ ಅತ್ತೆಯಲ್ಲ, ಮಾಲೀಕನ ಸೋದರತ್ತೆ. ನಾಟಕಗಳಿಗೆ ಉಡುಪು ಬಾಡಿಗೆಗೆ ಕೊಡುವ ಈ ಅಂಗಡಿಯ ಉಗ್ರಾಣವನ್ನು ನಲವತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವರು. ನಾಲ್ಕು ಸಾವಿರ ಉಡುಪು, ಎಲ್ಲಕ್ಕೂ ಒಂದೇ ಪಟ್ಟಿ, ಅದು ಅವರ ತಲೆಯೊಳಗೆ. ಕಳೆದ ಚಳಿಗಾಲ ಅವರು ಎರಡು ವಾರ ಜ್ವರದಲ್ಲಿ ಮಲಗಿದಾಗ ಯಾರಿಗೂ ಏನೂ ಸಿಗದೆ, ಒಬ್ಬ ಪೊಲೀಸ್ ಪಾತ್ರಧಾರಿ ಮದುಮಗನ ಅಂಗಿ ತೊಟ್ಟೇ ಕಳ್ಳನನ್ನು ಹಿಡಿಯಬೇಕಾಯಿತು. ಪ್ರೇಕ್ಷಕರು ಚಪ್ಪಾಳೆ ತಟ್ಟಿದರಂತೆ. ಮಾಲೀಕ ಮಾತ್ರ ಹೆದರಿ ನನ್ನನ್ನು ಕರೆಸಿದ.

ನಾನು ಯಾವ ಕಂಪನಿಗೂ ಸೇರಿದವಳಲ್ಲ. ಉಗ್ರಾಣಗಳನ್ನು ಜೋಡಿಸಿಕೊಡುವ ಸ್ವತಂತ್ರ ಸಲಹೆಗಾರ್ತಿ. ನಮ್ಮ ಒಪ್ಪಂದ ಒಂದೇ ಹಾಳೆಯದು. ಎಷ್ಟು ದಿನ ಹಿಡಿದರೂ ಮೊತ್ತ ಅಷ್ಟೇ. ಹಿಂದೆಂದೂ ಈ ಅಂಗಡಿಗೆ ಕಾಲಿಡದ ಒಬ್ಬ ಅಪರಿಚಿತ, ಅತ್ತೆಯನ್ನು ಕೇಳದೆ, ಕೇಳಿದ ಉಡುಪನ್ನು ಐದು ನಿಮಿಷದಲ್ಲಿ ಹುಡುಕಿ ತೆಗೆದರೆ ಕೆಲಸ ಮುಗಿಯಿತು. ಬೇಗ ಮುಗಿದರೆ ನನ್ನ ಜಾಣತನ, ತಡವಾದರೆ ನನ್ನ ಹಣೆಬರಹ. ಆರು ವಾರ ಸಾಕು ಅಂದುಕೊಂಡಿದ್ದೆ. ಈಗ ಐದನೇ ತಿಂಗಳು. ಪರಿಚಯವಿದ್ದ ಅಪರಿಚಿತರೆಲ್ಲ ಮುಗಿದು, ರಜೆ ಹಾಕಿಸಿ ಗಂಡನನ್ನೇ ಎಳೆದು ತಂದಿದ್ದೆ. ಸೋಮವಾರದಿಂದ ಔಷಧಿ ಗೋದಾಮಿನ ದೊಡ್ಡ ಕೆಲಸ. ಎರಡು ಸಲ ಮುಂದೂಡಿದ್ದೆ, ಇನ್ನೊಂದು ಸಲ ಮುಂದೂಡಿದರೆ ಅದು ಬೇರೆಯವರ ಪಾಲು.

ಬಟ್ಟೆಗಳನ್ನು ಬಗೆ, ಅಳತೆ, ಬಣ್ಣದ ಪ್ರಕಾರ ವಿಂಗಡಿಸಿದ್ದೆ. ಕೋಟುಗಳ ಸಾಲು, ಲಂಗಗಳ ಸಾಲು, ಗಡ್ಡಗಳ ಡಬ್ಬಿ. ಪ್ರತಿ ಕೊಕ್ಕೆಗೂ ಚೀಟಿ. ನುಸಿಗುಳಿಗೆಯ ವಾಸನೆಯ ನಡುವೆ ಅವು ಶಿಸ್ತಾಗಿ ತೂಗುತ್ತಿದ್ದವು, ಒಳಗೆ ಜನರಿಲ್ಲದ ಮೆರವಣಿಗೆಯಂತೆ. ಮರುದಿನ ಬಂದರೆ ನಾಲ್ಕಾರು ಕೊಕ್ಕೆ ಖಾಲಿ.

“ನೀವೇ ಅಲ್ವಾ ಅತ್ತೆ, ಕೋಟನ್ನ ಎತ್ತಿಟ್ಟಿದ್ದು?”

“ನಾನೆಲ್ಲಿ ಎತ್ತಿಟ್ಟೆ? ಅದರ ಮನೆಗೆ ಅದು ಹೋಯ್ತು.” ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ನನ್ನ ಕೈ ಎಳೆದರು. “ತೋಳಿನ ಅಂಚು ಮತ್ತೆ ಬಿಟ್ಟಿದೆ ನೋಡು ಚೀಟಿರಾಣಿ. ಲೋಕದ ಬಟ್ಟೆಗೆಲ್ಲ ಚೀಟಿ ಕಟ್ತೀಯ, ನಿನ್ನ ಬಟ್ಟೆ ಕಡೆ ಕಣ್ಣಿಲ್ಲ.” ಹೊಲಿಯುತ್ತಲೇ ಬೈದರು. ಈ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಐದು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಅದೂ ಮುಗಿಯದ ಕೆಲಸವೇ.

ಆಗ ಮುಂದಿನ ಕೋಣೆಯಿಂದ ಯಾರೋ ಕೂಗಿದರು. ಶಾಲೆಯೊಂದರ ನಾಟಕದ ಮೇಷ್ಟ್ರು. ನಾವೆಲ್ಲ ಹೊರಗೆ ಬಂದೆವು. ಇಷ್ಟು ದಿನದಲ್ಲಿ ಗಿರಾಕಿಯ ಎದುರು ನಾನು ನಿಂತದ್ದು ಅದೇ ಮೊದಲು. ನನ್ನ ಕೆಲಸವೆಲ್ಲ ಒಳಗೆ, ಬಟ್ಟೆಗಳ ಜೊತೆ.

“ಅತ್ತೇ, ಆ ನಾಟಕ ಕೊಡಿ. ಗಡಿಯಾರ ರಿಪೇರಿಗೆ ಬಂದೋನು ಆ ಮನೇಲೇ ಠಿಕಾಣಿ ಹೂಡ್ತಾನಲ್ಲ, ಅದು.”

ಅತ್ತೆ ಒಳಗೆ ಹೋದರು. ಮಾಲೀಕ ಅಭ್ಯಾಸಬಲದಿಂದ ಗಡಿಯಾರ ನೋಡಿದ. ಅವನು ತಲೆ ಎತ್ತುವುದರೊಳಗೆ ಅವರು ತೋಳಿನ ಮೇಲೆ ಐದು ಉಡುಪು ಹೊತ್ತು ಬಂದಿದ್ದರು. ರಿಪೇರಿಯವನ ಜೇಬುಗಳ ಅಂಗಿ, ಅಡುಗೆಯವಳ ಲಂಗ, ಅಜ್ಜಿಯ ಶಾಲು, ಪಕ್ಕದ ಮನೆಯವನ ಪೈಜಾಮ. ಎಲ್ಲದರ ಮೇಲೆ, ಸಂಶಯದ ಗಂಡನ ಕೆಂಪು ಕೋಟು.

“ಸಿಂಹ ಬೇಡ್ವಾ?”

“ಅದರಲ್ಲಿ ಸಿಂಹ ಎಲ್ಲಿದೆ ಅತ್ತೆ?”

“ಇಲ್ಲ. ಆದ್ರೂ ಮಕ್ಕಳು ಕೇಳ್ತಾರೆ.”

ಮೇಷ್ಟ್ರು ನಗುತ್ತಾ ಐದನ್ನೇ ಕಟ್ಟಿಸಿಕೊಂಡು ಹೋದರು. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ಕೆಂಪು ಕೋಟು, ಮಧ್ಯಮ ಅಳತೆ ಎಂದು ಈ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ನಾಟಕ ಕೇಳುತ್ತಾರೆ. ಒಂದು ನಾಟಕದ ಸಂಸಾರವನ್ನು ನಾನು ಐದು ಸಾಲುಗಳಿಗೆ ಚದುರಿಸಿಟ್ಟಿದ್ದೆ. ಅತ್ತೆ ದಿನಾ ಒಬ್ಬೊಬ್ಬರನ್ನಾಗಿ ಮನೆಗೆ ಕರೆತರುತ್ತಿದ್ದರು.

ಗಂಡ ನನ್ನ ಮುಖ ನೋಡಿದ. “ಬೇಡ ಕಣೇ. ಆ ಮುಖ ಮಾಡ್ಬೇಡ. ಸೋಮವಾರ,” ಎಂದು ಪಿಸುಗುಟ್ಟಿದ.

ಮಾಲೀಕ ಮೇಜಿನ ಡ್ರಾಯರಿನಿಂದ ಕೆಲಸ ಮುಗಿದ ಪತ್ರ ತೆಗೆದ. ಕೆಟ್ಟವನಲ್ಲ ಅವನು. “ನೋಡಿಮ್ಮಾ, ನೀವೂ ತುಂಬ ಸೊರಗಿದ್ದೀರ. ನಿಮ್ಮ ಜೋಡಣೇಲಿ ತಪ್ಪೇನಿಲ್ಲ, ನಮ್ಮತ್ತೆ ಕೈ ಸುಮ್ನಿರಲ್ಲ ಅಷ್ಟೆ. ಇವತ್ತಿಂದ ಉಗ್ರಾಣದ ಬೀಗದಕೈ ನನ್ನ ಹತ್ರ ಇರುತ್ತೆ. ಅತ್ತೆ ಇಲ್ಲೇ ಮುಂದೆ ಕೂತು ಗುಂಡಿ ಹೊಲೀಲಿ. ನಾನು ಸಹಿ ಹಾಕ್ತೀನಿ, ಪೂರ್ತಿ ಮೊತ್ತ ತಗೊಳ್ಳಿ.”

ಅತ್ತೆ ಕೊರಳಿನ ದಾರದಿಂದ ಬೀಗದಕೈ ಬಿಚ್ಚಲು ಹೋದರು. ಗಂಟು ಹಳೆಯದು, ಬಿಡಲಿಲ್ಲ. ನಲವತ್ತು ವರ್ಷ ಸೂಜಿ ಹಿಡಿದ ಬೆರಳುಗಳು ಮೊದಲ ಸಲ ತಡವರಿಸಿದ್ದನ್ನು ಕಂಡೆ.

“ಸಹಿ ಹಾಕಿಸ್ಕೊಳ್ಳೇ,” ಎಂದರು ಕೊನೆಗೆ. “ಗುಂಡಿ ಎಲ್ಲಿ ಕೂತು ಹೊಲಿದ್ರೂ ಗುಂಡೀನೇ.”

“ತಪ್ಪು ನಂದು,” ಮಾಲೀಕನಿಗೆ ಹೇಳಿದೆ. “ಬಟ್ಟೆ ಲೆಕ್ಕದಲ್ಲಿ ಜೋಡಿಸಿದೆ, ನಾಟಕದ ಲೆಕ್ಕದಲ್ಲಿ ಜೋಡಿಸ್ಬೇಕಿತ್ತು. ಅತ್ತೆ ಹೇಳ್ಬೇಕು, ನಾನು ಬರ್ಕೋಬೇಕು. ಒಂದೊಂದೇ ನಾಟಕ.”

“ಅಂದ್ರೆ ಮತ್ತೆ ಮೊದಲಿಂದ್ಲಾ?” ಅವನ ಹುಬ್ಬು ಏರಿತು. “ಅದಕ್ಕೆ ಬೇರೆ ಹಣ ಕೊಡೋಕಾಗಲ್ಲಮ್ಮಾ. ಒಪ್ಪಂದ ಅಂದ್ರೆ ಒಪ್ಪಂದ.”

“ನಾನು ಕೇಳಲೂ ಇಲ್ಲ.”

“ನಿಮ್ಮ ಕೆಲಸ ನನಗೆ ಒಪ್ಪಿಗೆ ಅಂತ ನಾನೇ ಹೇಳ್ತಿದ್ದೀನಲ್ಲ. ಇನ್ಯಾರಿಗೆ ಗೊತ್ತಾಗ್ಬೇಕು?” ಅವನು ಸಹಿ ಹಾಕಿಯೇಬಿಟ್ಟ. ಹಾಳೆಯನ್ನು ತಿರುಗಿಸಿ, ನನ್ನ ಸಹಿಯ ಜಾಗಕ್ಕೆ ಬೆರಳಿಟ್ಟು, ಪೆನ್ನು ಚಾಚಿದ.

ತಿರುವಿನಲ್ಲಿ ಬಸ್ಸು ವಾಲುವಾಗ ಪ್ರಯಾಣಿಕರು ಮುಚ್ಚುವ ಹಾಗೆ ನನ್ನ ಗಂಡ ಕಣ್ಣು ಮುಚ್ಚಿದ.

“ಬೇಡ,” ಎಂದೆ.