ಪರದೆಯ ಆಚೆಯ ದನಿ

ಸದ್ದಾಗದಂತೆ ಕುರ್ಚಿಗಳನ್ನು ಎತ್ತಿ ಎತ್ತಿ ಸಾಲಾಗಿ ಇಡುತ್ತಿದ್ದ ಹೆರಿಗೆ ಡಾಕ್ಟರಮ್ಮನ ಕೈಯನ್ನು ಸತ್ತವರ ಹೆಂಡತಿ ಹಿಡಿದು ನಿಲ್ಲಿಸಿದರು.

"ಅದಕ್ಕೆಲ್ಲ ಬೇರೆಯವರಿದ್ದಾರೆ. ನೀನು ಎರಡು ಮಾತಾಡು. ಅಷ್ಟು ವರ್ಷ ಒಂದೇ ಆಪರೇಷನ್ ಮೇಜಿನ ಹತ್ರ ನಿಂತವರು ನೀವು."

"ಗಂಟಲು ಸರಿಯಿಲ್ಲ ಅಕ್ಕಾ."

"ಅವರಿದ್ದಿದ್ರೆ, ನಿಂಗ್ಯಾರು ಗಂಟಲಿಗೆ ನಳಿಗೆ ಹಾಕಿದ್ದು ಅಂತ ಕೇಳ್ತಿದ್ರು," ಎಂದು ನಕ್ಕ ಹೆಂಡತಿ, ನಕ್ಕದ್ದಕ್ಕೇ ಕಣ್ಣೊರೆಸಿಕೊಂಡರು.

ಹಜಾರದ ಆ ತುದಿಯಲ್ಲಿ, ಬಿಳಿ ಬಟ್ಟೆಯ ಕೆಳಗೆ, ಅರಿವಳಿಕೆ ಡಾಕ್ಟರು ಮಲಗಿದ್ದರು. ದೊಡ್ಡ ಹೊಟ್ಟೆಯ ಮನುಷ್ಯ. ಆಸ್ಪತ್ರೆಯಲ್ಲಿ ಅವರನ್ನು ಬೆನ್ನು ಡಾಕ್ಟರು ಎಂದೇ ಕರೆಯುತ್ತಿದ್ದರು. ಸಿಸೇರಿಯನ್ ಎಂದರೆ ಬೆನ್ನಿಗೊಂದು ಸೂಜಿ, ಸೊಂಟದ ಕೆಳಗಷ್ಟೇ ಜೋಮು, ತಾಯಿ ಎಚ್ಚರವಾಗಿರಬೇಕು. ಅದು ಅವರ ಹಟ. ಪೂರ್ತಿ ಪ್ರಜ್ಞೆ ತಪ್ಪಿಸಿ, ಉಸಿರಿಗೆ ಗಂಟಲಲ್ಲಿ ನಳಿಗೆ ಇಳಿಸಿ ಮಲಗಿಸಬೇಕು; ಅದು ಡಾಕ್ಟರಮ್ಮನ ಹಟ.

ಡಾಕ್ಟರಮ್ಮ ಕೊನೆಯ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಶಾಲು ಹೊದ್ದ ಹೆಂಗಸು, ಅವಳ ಬೆಳೆದ ಮಗಳು.

"ನಿಮಗೂ ಇವರೇ ಸೂಜಿ ಕೊಟ್ಟಿದ್ದಾ?" ಎಂದಳು ಹೆಂಗಸು.

ಡಾಕ್ಟರಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಇವಳು ಹುಟ್ಟುವಾಗ ನನ್ನ ತಲೆ ಹತ್ರಾನೇ ನಿಂತಿದ್ರು ಪುಣ್ಯಾತ್ಮ. ಎದೆ ಮೇಲೆ ಹಸಿರು ಪರದೆ ಕಟ್ಟಿಬಿಟ್ಟಿದ್ರು. ಆ ಕಡೆ ಏನೂ ಕಾಣ್ತಿರಲಿಲ್ಲ. ಕೇಳಿಸ್ತಿತ್ತು."

*

ಅವತ್ತು ಬೆಳಗಿನಿಂದ ಎಡೆಬಿಡದ ಆಪರೇಷನ್ನುಗಳು. ಪರದೆಯ ಈ ಕಡೆ ಡಾಕ್ಟರಮ್ಮನ ಬೆರಳುಗಳು ಪದರ ಪದರ ಬಿಡಿಸುತ್ತ ಇಳಿಯುತ್ತಿದ್ದವು, ಗರ್ಭಕೋಶ ಇನ್ನೂ ಸಿಕ್ಕಿರಲಿಲ್ಲ.

"ಇದೇನು ಹೊಟ್ಟೇನಾ, ಹಿಟ್ಟಿನ ಮೂಟೇನಾ?" ಎಂದಳು.

ನರ್ಸುಗಳು ನಕ್ಕರು. ಬೆನ್ನು ಡಾಕ್ಟರು ನಗದೆ, ಬಾಗಿ ತಾಯಿಯ ಕಿವಿಯಲ್ಲಿ ಏನೋ ಹೇಳಿದರು.

ಕೈ ತೊಳೆಯುವಾಗ ಅವರು ಎಂದದ್ದು ಇಷ್ಟೇ: "ಅವರಿಗೆ ಕೇಳಿಸ್ತು."

"ಅದಕ್ಕೇ ಮಲಗಿಸಿ ಅನ್ನೋದು ನಾನು."

ಸಭೆಗಳಲ್ಲಿ ಡಾಕ್ಟರಮ್ಮ ಬೇರೆ ಕಾರಣಗಳನ್ನು ಕೊಟ್ಟಳು: ಬೇಗ ಆಗುತ್ತದೆ, ರಕ್ತದೊತ್ತಡ ಕುಸಿಯುವುದಿಲ್ಲ. ತುರ್ತಿದ್ದಾಗ ಅದು ಸರಿಯೇ. ತುರ್ತಿಲ್ಲದಾಗ ಬಸುರಿಯ ಗಂಟಲಿಗೆ ನಳಿಗೆ ಇಳಿಸುವುದೇ ದೊಡ್ಡ ಅಪಾಯ ಎಂದು ಬೆನ್ನು ಡಾಕ್ಟರು ಹೇಳಿದರೆ, ಅದೂ ಅವಳಿಗೆ ಗೊತ್ತಿದ್ದದ್ದೇ. ಆದರೆ ವಿಭಾಗದ ಮುಖ್ಯಸ್ಥೆ ಅವಳು; ಎಷ್ಟೋ ಸಲ ಅವಳ ಮಾತೇ ನಡೆಯಿತು. ಹಾಗೆ ಮಲಗಿದವರು ಮಂಪರಿನಲ್ಲಿ ಕಣ್ಣು ಬಿಟ್ಟು, ಮಗ್ಗುಲಿನ ಬಟ್ಟೆಯ ಗಂಟನ್ನು ನೋಡಿ, "ಇದು ನಂದೇನಾ?" ಎನ್ನುತ್ತಿದ್ದರು. ತನ್ನ ನಾಲಿಗೆಗೆ ಕಡಿವಾಣ ಹಾಕುವುದಕ್ಕಿಂತ ಅವರ ಕಿವಿ ಮುಚ್ಚುವುದು ಅವಳಿಗೆ ಸುಲಭವಾಗಿತ್ತು.

*

"ಪರದೆ ಆ ಕಡೆಯಿಂದ ಒಬ್ಬಳು ಹಿಟ್ಟಿನ ಮೂಟೆ ಅಂದ್ಲು. ನಂಗೆ ಕಣ್ಣಲ್ಲಿ ನೀರು," ಎಂದಳು ಹೆಂಗಸು. "ಇವರು ಒರೆಸಿ, 'ಅದು ನಿಮಗಲ್ಲಮ್ಮ, ನಂಗೆ. ದಿನಾ ನನ್ನ ಹೊಟ್ಟೆ ನೋಡಿ ಆಡ್ಕೋತಾರೆ' ಅಂದ್ರು. ನಕ್ಕುಬಿಟ್ಟೆ. ಅಷ್ಟರಲ್ಲಿ ಇವಳು ಅತ್ಲು."

"ಅಮ್ಮ ಈಗಲೂ ಅದನ್ನ ನಂಬ್ತಾಳೆ," ಎಂದಳು ಮಗಳು.

"ನಂಬಿದ್ರೆ ನಿಂಗೇನೇ ಗಂಟು ಹೋಗೋದು? ಆದ್ರೆ ಆ ದನಿ ಇವತ್ತು ಕೇಳಿದ್ರೂ ಗುರುತು ಹಿಡೀತೀನಿ."

ಡಾಕ್ಟರಮ್ಮ ಬಾಯಿ ಬಿಡಲಿಲ್ಲ. ಬೆನ್ನು ಡಾಕ್ಟರ ಹೊಟ್ಟೆಯನ್ನು ಅವಳು ಒಂದು ದಿನವೂ ಆಡಿಕೊಂಡವಳಲ್ಲ.

ಎದುರಿನಿಂದ ಅವರ ಹೆಂಡತಿ ಕೈಬೀಸಿ ಕರೆದರು. ಜನ ತಿರುಗಿ ನೋಡಿದರು. ಡಾಕ್ಟರಮ್ಮ ಎದ್ದು ಹೋಗಿ ಸತ್ತವರ ತಲೆಯ ಬಳಿ ನಿಂತಳು. ಅಲ್ಲಿಂದ ನೋಡಿದರೆ ಬಿಳಿ ಬಟ್ಟೆ ಹೊಟ್ಟೆಯ ಮೇಲೆ ಗುಡ್ಡದಂತೆ ಎದ್ದು, ಆಚೆಗೆ ಕೊನೆಯ ಸಾಲು ಮಾತ್ರ ಕಾಣುತ್ತಿತ್ತು.

"ಇವರು..." ಕೆಮ್ಮಿ ದನಿ ಸರಿಮಾಡಿಕೊಂಡಳು. "ಇವರನ್ನ ನಾನು ದಿನಾ ಆಡ್ಕೊಳ್ತಿದ್ದೆ. ಇದೇನು ಹೊಟ್ಟೇನಾ, ಹಿಟ್ಟಿನ ಮೂಟೇನಾ ಅಂತ."

ಜನ ಮೆಲ್ಲಗೆ ನಕ್ಕರು. ಕೊನೆಯ ಸಾಲಿನಲ್ಲಿ ಮಗಳು ಅಗಲವಾಗಿ ನಕ್ಕು ಅಮ್ಮನ ತೋಳು ತಿವಿದಳು.

ಹೆಂಗಸು ನಗಲಿಲ್ಲ. ಸ್ವಲ್ಪ ಹೊತ್ತು ಡಾಕ್ಟರಮ್ಮನನ್ನೇ ನೋಡಿದಳು. ಆಮೇಲೆ ಭುಜದ ಮೇಲಿನ ಶಾಲನ್ನು ಕೆಳಗಿಳಿಸಿ, ಹೊಟ್ಟೆ ಕಾಣದಂತೆ ಮಡಿಲ ತುಂಬ ಹರಡಿಕೊಂಡಳು.