ಲೆಕ್ಕ ಹೇಳದ ಮಾರಪ್ಪನೂ ಕೋಟು ಹಾಕಿದ ಮೇಷ್ಟ್ರೂ

ತೊಗರ್ಸಿ ಸೀಮೆಯಲ್ಲಿ ಕುರಿ ಕಡಿಮೆಯಾಗಲು ತೋಳ ಬರಬೇಕಾಗಿಲ್ಲ, ಬೇನೆಯೂ ಬರಬೇಕಾಗಿಲ್ಲ. ಕೋಟು ಹಾಕಿದವನೊಬ್ಬ ಬಗಲಲ್ಲಿ ಪುಸ್ತಕ ಇರಿಸಿಕೊಂಡು ಊರ ಬಾಗಿಲಲ್ಲಿ ಕಾಣಿಸಿದರೆ ಸಾಕು, ಮನೆಮನೆಯಲ್ಲೂ ಅರ್ಧಕ್ಕರ್ಧ ಕುರಿ ಮಾಯ. ಉಳಿದರ್ಧ ಗುಡ್ಡದ ಆಚೆ. ಸುಳ್ಳೆನಿಸಿದರೆ ಮುಂದೆ ಓದಬೇಡಿ. ನಿಜವೆನಿಸಿದರೆ ಮಾರಪ್ಪನ ಮನೆಗೆ ಬನ್ನಿ.

ಮಾರಪ್ಪ ಕುರಿ ಸಾಕುವುದರಲ್ಲಿ ಜಾಣ, ಅನುಮಾನ ಸಾಕುವುದರಲ್ಲಿ ಇನ್ನೂ ಜಾಣ. ಕುರಿಯ ಸರಿಯಾದ ಲೆಕ್ಕವನ್ನು ಪರರಿಗೆ ಹೇಳಿದರೆ ದೃಷ್ಟಿ ತಾಕುತ್ತದೆ, ಸರ್ಕಾರಿ ಜನಕ್ಕೆ ಹೇಳಿದರೆ ತೆರಿಗೆ ತಾಕುತ್ತದೆ ಎಂದು ಅವನ ತಂದೆ ಕಲಿಸಿದ್ದ. ಅದನ್ನೇ ಅವನು ಮಗ ಲೋಕಪ್ಪನಿಗೂ ಕಲಿಸಿದ. ಲೋಕಪ್ಪ ಎಸ್.ಎಸ್.ಎಲ್.ಸಿ. ಪಾಸು ಮಾಡಿದ, ಆ ಮನೆತನದಲ್ಲೇ ಮೊದಲಿಗ. ಶಾಲೆಯ ಪಾಠ ಅಷ್ಟಿಷ್ಟು ಮರೆತರೂ ಅಪ್ಪನ ಪಾಠ ಮಾತ್ರ ಮರೆಯಲಿಲ್ಲ.

ಹೋದ ವರ್ಷ ಕುರಿ ಸಾಕಣೆ ಕೇಂದ್ರದ ಸಹಾಯಕನ ಕೆಲಸಕ್ಕೆ ಶಿವಮೊಗ್ಗೆಯಲ್ಲಿ ಸಂದರ್ಶನ ಕೊಟ್ಟು ಬಂದವನನ್ನು ಮಾರಪ್ಪ ಬಾಗಿಲಲ್ಲೇ ತಡೆದ.

"ಏನು ಕೇಳಿದ್ರೋ?"

"ನಿಮ್ಮನೇಲಿ ಕುರಿ ಎಷ್ಟದಾವೆ ಅಂದ್ರು. ಎಲ್ಲೋ ನಾಲ್ಕೈದು ಅಂದೆ."

"ಭಲೆ! ಆಮೇಲೆ?"

"ಕುರಿಗೆ ಏನೇನು ಬ್ಯಾನಿ ಬರ್ತಾವೆ ಅಂದ್ರು. ನಮಗೇನೂ ಗೊತ್ತಿಲ್ರಿ ಅಂದೆ."

"ನನ್ನ ಮಗ ಅಂದ್ರೆ ನೀನು!" ಎಂದು ಮಾರಪ್ಪ ಬೆನ್ನು ತಟ್ಟಿದ. ಕೆಲಸ ಬೇರೆಯವನಿಗೆ ಹೋಯಿತು.

ಈ ವರ್ಷ ಅದೇ ಕೆಲಸಕ್ಕೆ ಮತ್ತೆ ಕರೆ ಬಂತು. ಇನ್ನು ಐದೇ ದಿನ. ಮುಂದಿನ ವರ್ಷಕ್ಕೆ ಲೋಕಪ್ಪನ ವಯಸ್ಸು ಮೀರುತ್ತದೆ. ಇದು ತಪ್ಪಿದರೆ ಮತ್ತಿಲ್ಲ. ಆದರೆ ಮಾರಪ್ಪನ ಕಣ್ಣಿಗೆ ಬಿದ್ದದ್ದು ಕಾಗದದ ಕೊನೆಯ ಸಾಲು: ಸರ್ಟಿಫಿಕೇಟುಗಳ ಅಸಲು ತರತಕ್ಕದ್ದು.

"ನೋಡಿದ್ಯಾ ಇವರ ಹಿಕಮತ್ತು? ಮೊದಲು ಕುರಿ ಲೆಕ್ಕ ಕೇಳಿದ್ರು, ಸಿಗಲಿಲ್ಲ. ಈಗ ಅಸಲು ಕಾಗದ ಇಸ್ಕೊಂಡು ಹಿಡಿತಾರೆ. ಕೊಡಂಗಿಲ್ಲ!"

ಹೆಂಡತಿ ದುರುಗಮ್ಮ ರೇಗಿದಳು. "ಹುಡುಗ ಹತ್ತು ವರ್ಷ ಓದಿದ್ದು ಆ ಕಾಗದನ ಗಂಟು ಕಟ್ಟಿ ಇಡಾಕೇನು?"

ಮಾರಪ್ಪ ಸರ್ಟಿಫಿಕೇಟುಗಳನ್ನೆಲ್ಲ ಗಂಟು ಕಟ್ಟಿದ. ಗಂಟನ್ನು ಕಂಬಳಿಯೊಳಗೆ ಸುತ್ತಿ ತಲೆದಿಂಬು ಮಾಡಿಕೊಂಡ.

ಲೋಕಪ್ಪ ಶಿಕಾರಿಪುರಕ್ಕೆ ನಡೆದ. ಅಲ್ಲಿನ ಹೈಸ್ಕೂಲಿನ ಆನಂದಪ್ಪ ಮೇಷ್ಟ್ರ ಮುಂದೆ ತನ್ನ ಕಷ್ಟ ಹೇಳಿಕೊಂಡ. ಸೊರಬದ ಕಡೆಯ ಈ ಮೇಷ್ಟ್ರು ಯಾರ ದನಿಯನ್ನು ಬೇಕಾದರೂ ಅಣಕಿಸಿ ಆಡಬಲ್ಲವರು. ಮಾರಪ್ಪ ಅವರ ಮುಖ ಕಂಡವನಲ್ಲ.

ಮಾರನೆಯ ಬೆಳಿಗ್ಗೆ ಮಾರಪ್ಪನ ಅಂಗಳದಲ್ಲಿ ಸೈಕಲ್ಲು ನಿಂತಿತು. ಕರಿ ಕೋಟು, ಜರಿ ಪೇಟ, ಕನ್ನಡಕ, ಬಗಲಲ್ಲಿ ದಪ್ಪ ಪುಸ್ತಕ. ಮಾರಪ್ಪನ ಕಣ್ಣು ಮೊದಲು ದೊಡ್ಡಿಯ ಕಡೆ ಓಡಿತು. ಪುಣ್ಯಕ್ಕೆ ಕುರಿಗಳನ್ನು ಆಗಲೇ ಗುಡ್ಡಕ್ಕೆ ಹೊಡೆದಾಗಿತ್ತು. ದೊಡ್ಡಿಯಲ್ಲಿ ಉಳಿದಿದ್ದುದು ಕುಂಟುವ ಒಂದೇ ಒಂದು ಕುರಿ.

"ಏನಯ್ಯಾ, ಕುರಿ ಎಷ್ಟು?" ಮೂಗಿನಿಂದ ಹೊರಟ ದಪ್ಪ ದನಿ.

"ಎಲ್ಲಿ ಕುರಿ ಸ್ವಾಮಿ? ಇದೊಂದು, ಇನ್ನೊಂದು ಮೂರು."

ಅಧಿಕಾರಿ ದೊಡ್ಡಿಯೊಳಗೆ ಬಗ್ಗಿ ನೋಡಿದ. ಮೊಣಕಾಲುದ್ದ ಹಿಕ್ಕೆಯ ರಾಶಿ. "ಇದೆಲ್ಲ ನಾಲ್ಕೇ ಕುರಿ ಹಾಕಿದ್ದೋ?"

"ಅವು ಸ್ವಲ್ಪ ಜಾಸ್ತಿ ತಿಂತಾವ್ರಿ."

ಅಧಿಕಾರಿಗೆ ಕೆಮ್ಮು ಬಂತು. ಬಹಳ ಹೊತ್ತು ಆ ಕಡೆ ತಿರುಗಿ ಕೆಮ್ಮಿದ. ಆಮೇಲೆ ಪುಸ್ತಕ ಬಿಚ್ಚಿದ. "ಈ ಕುರಿ ಯಾಕೆ ಕುಂಟುತ್ತೆ?"

"ನಮಗೇನು ಗೊತ್ತು ಸ್ವಾಮಿ."

"ಸರಿ. ವಯಸ್ಸಾಗಿ ಕುಂಟುತ್ತಿದೆ ಅಂತ ಬರೀತೀನಿ. ಔಷಧಿ: ಕಾಲಿಗೆ ಒದ್ದೆ ಗೋಣಿ ಸುತ್ತಿ, ಎಂಟು ದಿನ ಕೆಸರಿನಲ್ಲಿ ನಿಲ್ಲಿಸತಕ್ಕದ್ದು. ಉಳಿದ ಕುರಿ ಜೊತೆಗೇ ಕೂಡತಕ್ಕದ್ದು."

ಮಾರಪ್ಪ ತುಟಿ ಕಚ್ಚಿಕೊಂಡ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಲೇಖನಿ ಕಾಗದದ ಮೇಲೆ ಚರಚರ ಓಡುತ್ತಿತ್ತು. ಇನ್ನು ತಡೆಯಲಾಗಲಿಲ್ಲ.

"ಅಯ್ಯೋ, ನಿಲ್ಸ್ರಿ! ಕೆಸರಲ್ಲಿ ನಿಂತೇ ಅಲ್ಲೇನ್ರಿ ಇದು ಬಂದಿದ್ದು? ಗೊರಸು ಕೊಳೆತೈತಿ, ಮೂಸಿ ನೋಡ್ರಿ ಬೇಕಾದ್ರೆ! ಸಂದು ಕೆರೆದು ತೊಳೀಬೇಕು, ಮೈಲುತುತ್ತದ ನೀರಿನಾಗ ಅದ್ದಬೇಕು, ಒಣಗಿದ ಜಾಗದಲ್ಲಿ ಬೇರೇನೇ ಕಟ್ಟಬೇಕು. ಇಲ್ಲಾಂದ್ರೆ ಮಂದೆಗೆಲ್ಲ ಹತ್ತುತ್ತೆ. ಹೋದ ಮಳೆಗಾಲ ಹಿಂಗೇ ಆಗಿ, ಎಪ್ಪತ್ತೆರಡರಾಗ ಒಂಬತ್ತು ಕುರಿ ಕುಂಟಿ..."

ಬಾಯಿ ಅಲ್ಲೇ ನಿಂತಿತು. ಒಳಗೆ ದುರುಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅಧಿಕಾರಿ ಪೇಟ ತೆಗೆದ. ದನಿ ಸಣ್ಣದಾಯಿತು. "ಮಾರಪ್ಪನೋರೇ, ನಾನು ಲೋಕಪ್ಪನ ಮೇಷ್ಟ್ರು, ಆನಂದಪ್ಪ. ಕೋಟು ನಾಟಕದ್ದು, ಪುಸ್ತಕ ನಮ್ಮ ಶಾಲೆ ಹಾಜರಿ ಪುಸ್ತಕ. ಸಿಟ್ಟು ಬಂದಿದ್ರೆ ಬೈರಿ, ಆದ್ರೆ ಮೊದಲು ಒಂದು ಮಾತು ಕೇಳಿ. ಈಗ ನೀವು ಹೇಳಿದ್ರಲ್ಲ, ಆ ತಿಳುವಳಿಕೆಗೇ ಮಾರಾಯ್ರೇ ಅಲ್ಲಿ ಕೆಲಸ ಕೊಡೋದು! ನಿಮ್ಮ ಮಗನಿಗೂ ಅದೆಲ್ಲ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂತ ಬಂದಿದ್ದಾನೆ."

ಮಾರಪ್ಪನಿಗೆ ಸಿಟ್ಟು ಬಂದದ್ದು ನಿಜ. ಬಾಗಿಲ ಬಳಿ ನಿಂತಿದ್ದ ಮಗನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಕೋಟಿನ ಕಡೆ ನೋಡಿದ. "ಅಲ್ರೀ, ತೆರಿಗೆಯೋರಿಗೂ ಕೆಲಸದೋರಿಗೂ ಗೆಳೆತನ ಇಲ್ಲ ಅಂತ ಏನು ಗ್ಯಾರಂಟಿ?"

"ಅವರು ನೋಡೋದು ನಿಮ್ಮ ದೊಡ್ಡೀನ ಅಲ್ಲ, ಹುಡುಗನ ತಲೇನ. ಲೆಕ್ಕ ಕೇಳೋದು ಇವನಿಗೆ ಅನುಭವ ಎಷ್ಟಿದೆ ಅಂತ ತಿಳಿಯೋಕೆ."

"ಅಸಲು ನುಂಗಿಬಿಟ್ರೆ?"

"ಅಸಲು ಕೈಯಲ್ಲಿ ಹಿಡಿದು ತೋರಿಸೋದು, ವಾಪಸ್ಸು ಇಸ್ಕೊಳ್ಳೋದು. ಅವರಿಗೆ ಬಿಟ್ಟು ಬರೋದು ನಕಲು. ಎರಡು ಪ್ರತಿ ಬರೆದು ತಂದ್ರೆ ನಮ್ಮ ಹೆಡ್‌ಮಾಸ್ತರು ಮೂಲ ನೋಡಿ ರುಜು ಹಾಕಿ ಕೊಡ್ತಾರೆ. ಅರ್ಜಿ ನಮ್ಮದು, ಮರ್ಜಿ ಅವರದು, ಆದ್ರೆ ಅಸಲು ಯಾವತ್ತಿಗೂ ನಮ್ಮದೇ."

ಮಾರಪ್ಪ ಬಹಳ ಹೊತ್ತು ಮೀಸೆ ತಿರುವಿದ. ಆಮೇಲೆ ಒಳಗೆ ಹೋಗಿ ಕಂಬಳಿ ಬಿಚ್ಚಿ ಗಂಟು ತಂದ. ಮೇಷ್ಟ್ರ ಕೈಗೆ ಕೊಡಲಿಲ್ಲ. ಮಗನ ಕೈಗೆ ಕೊಟ್ಟ.

ಅಂದಿನಿಂದ ಮೂರು ದಿನ ದೊಡ್ಡಿಯ ಮುಂದೆ ಸಂದರ್ಶನವೋ ಸಂದರ್ಶನ. ಕೋಟು ಈಗ ಮಾರಪ್ಪನ ಮೈಮೇಲೆ.

"ಕುರಿ ಎಷ್ಟು?"

"ಎಪ್ಪತ್ತೆರಡು ಸಾರ್."

ಮಾರಪ್ಪ ಬೆಚ್ಚಿ ಸುತ್ತಮುತ್ತ ನೋಡಿದ. "ಮೆಲ್ಲಕೆ ಹೇಳೋ!"

"ಗಟ್ಟಿಯಾಗೇ ಹೇಳ್ಲಿ," ಎಂದರು ಮೇಷ್ಟ್ರು. "ಕಣ್ಣು ನೋಡಿ ಹೇಳ್ಲಿ. ನಿಜವಾಗಿ ಗೊತ್ತಿಲ್ಲದ್ದು ಬಂದ್ರೆ ಏನು ಹೇಳ್ತೀಯ ಲೋಕಪ್ಪ?"

"ಅದು ಗೊತ್ತಿಲ್ಲ ಸಾರ್, ಹೇಳಿಕೊಟ್ರೆ ಕಲೀತೀನಿ."

"ಹಾಂ. ಈ ಗೊತ್ತಿಲ್ಲಕ್ಕೂ ಆ ಗೊತ್ತಿಲ್ಲಕ್ಕೂ ಕುರಿಗೂ ತೋಳಕ್ಕೂ ಇರೋವಷ್ಟು ವ್ಯತ್ಯಾಸ."

ಸಂದರ್ಶನದ ಹಿಂದಿನ ದಿನವೇ ಬಸ್ಸು ಹಿಡಿದು, ಒಗೆದ ಅಂಗಿ ತೊಟ್ಟು ಲೋಕಪ್ಪ ಶಿವಮೊಗ್ಗೆಗೆ ಹೋದ. ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿ ಬಂದ. ಅಸಲನ್ನೂ ಜೋಪಾನವಾಗಿ ಮನೆಗೆ ತಂದ.

ಓದುವ ತಮ್ಮಂದಿರೇ, ತಂಗಿಯರೇ, ನಿಮಗೂ ಇಂಥ ಕರೆ ಬರುತ್ತದೆ. ಕರೆ ಬಂದ ದಿನವೇ ಕಾಗದದ ಪ್ರತಿ ಸಾಲನ್ನೂ ಓದಿ. ನಕಲಿಗೆ ರುಜು ಹಾಕಿಸಿ, ಅಸಲನ್ನು ನೀವೇ ಇಟ್ಟುಕೊಳ್ಳಿ. ಮನೆಯವರನ್ನೇ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿಸಿಕೊಳ್ಳಿ. ಹೊಲ, ಮಂದೆ, ಮಗ್ಗ, ಒಲೆ ನಿಮಗೆ ಕಲಿಸಿದ್ದೂ ವಿದ್ಯೆಯೇ, ಅದನ್ನು ಬಚ್ಚಿಡಬೇಡಿ. ತಂದೆತಾಯಂದಿರೇ, ಅನುಮಾನ ಬಂದರೆ ತಿಳಿದವರನ್ನು ಕೇಳಿ. ಮಕ್ಕಳ ದಾರಿಗೆ ಅಡ್ಡ ಕೂರಬೇಡಿ.

ಆಯ್ಕೆಯ ಕಾಗದ ಬಂದ ದಿನ ಮಾರಪ್ಪ ಅದನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡಿದ. ಸೀಲನ್ನು ಉಗುರಿನಿಂದ ಕೆರೆದ. ಸಮಾಧಾನವಾಗದೆ ಮಗನನ್ನು ಕರೆದುಕೊಂಡು ಶಿಕಾರಿಪುರದ ಹೈಸ್ಕೂಲಿಗೇ ಹೋಗಿ ನಿಂತ.

"ಖರೇ ಹೇಳ್ರಿ ಮೇಷ್ಟ್ರೆ, ಇದೂ ನಿಮ್ಮ ನಾಟಕ ಅಲ್ಲ ತಾನೆ? ಈ ಸೀಲು ನಿಮ್ಮತ್ರ ಇಲ್ಲ ತಾನೆ?"

ಆನಂದಪ್ಪ ಮೇಷ್ಟ್ರು ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಸುತ್ತಿ, ಕೈಕಟ್ಟಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಥೇಟ್ ಮಾರಪ್ಪನ ದನಿಯಲ್ಲೇ ಹೇಳಿದರು: "ಎಲ್ಲಿ ಸೀಲು ಸ್ವಾಮಿ? ನಮ್ಮತ್ರ ಏನೂ ಇಲ್ರಿ. ಇದ್ದಿದ್ದೊಂದು ಗುಡ್ಡಕ್ಕೆ ಮೇಯಾಕೆ ಹೋಗೈತಿ."

ಲೋಕಪ್ಪ ನಕ್ಕ. ಕಿಟಕಿಗೆ ಅಂಟಿ ನಿಂತಿದ್ದ ಹತ್ತನೆಯ ತರಗತಿ ಇಡಿಯಾಗಿ ನಕ್ಕಿತು. ಅವರೆಲ್ಲರಿಗಿಂತ ಹೆಚ್ಚಾಗಿ ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ನಕ್ಕವನು ಮಾರಪ್ಪ.